ಆಲ್ಟೋನಾದ ಐರಿಶ್ ಪಬ್ಬಿನಲ್ಲಿ ನನ್ನ ಖಂಜಿರ

ಹ್ಯಾಂಬರ್ಗಿನ ಆಲ್ಟೋನಾ ನಿಲ್ದಾಣದ ಹಿಂದಿನ ಐರಿಶ್ ಪಬ್ಬಿಗೆ ನಾನು ಖಂಜಿರ ತೆಗೆದುಕೊಂಡು ಹೋದದ್ದು ಐದನೆಯ ಭೇಟಿಯಲ್ಲಿ. ಮೊದಲ ನಾಲ್ಕು ಗುರುವಾರ ಸುಮ್ಮನೆ ಕೂತು ಕೇಳಿ ಡೈರಿಯಲ್ಲಿ ಲೆಕ್ಕ ಬರೆದಿದ್ದೆ. ಫೆಬ್ರವರಿ ಮೊದಲ ಗುರುವಾರದ್ದು ಹೀಗಿದೆ: ಹನ್ನೆರಡು ಟ್ಯೂನ್, ಒಂದು ಲೋಟ ಕಪ್ಪು ಬಿಯರ್, ಎರಡು ತಟ್ಟೆ ಕಾಲ್ಕ್ಯಾನನ್. ಹಿಸುಕಿದ ಆಲೂಗಡ್ಡೆಗೆ ಎಲೆಕೋಸು, ಈರುಳ್ಳಿ ಸೊಪ್ಪು ಕಲಸಿ, ನಡುವೆ ಗುಳಿ ತೋಡಿ ಬೆಣ್ಣೆ ಹಾಕಿ ಕೊಡುತ್ತಾರೆ. ಬಿಸಿ ಮುದ್ದೆಗೆ ಗುಳಿ ಮಾಡಿ ತುಪ್ಪ ಬಿಟ್ಟು ತಿಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಪಬ್ಬಿನ ಮೂಲೆಯಲ್ಲೊಂದು ದುಂಡು ಮೇಜು. ವಾದ್ಯದವರು ಅದರ ಸುತ್ತ ಕೂತು ತಮ್ಮತಮ್ಮೊಳಗೇ ನುಡಿಸಿಕೊಳ್ಳುತ್ತಾರೆ. ಯಾರು ಬೇಕಾದರೂ ಕೇಳಬಹುದು, ಆದರೆ ಕರೆಯದೆ ಆ ಮೇಜಿಗೆ ಹೋಗಿ ಕೂರುವಂತಿಲ್ಲ. ನನಗೆ ಅಲ್ಲೊಂದು ಕುರ್ಚಿ ಬೇಕಿತ್ತು. ಮೈಸೂರಿನಲ್ಲಿ ಏಳು ವರ್ಷ ಕಲಿತವನು ನಾನು. ಹ್ಯಾಂಬರ್ಗಿಗೆ ಬಂದು ಎರಡು ವರ್ಷವಾದರೂ ಇನ್ನೊಬ್ಬರ ಜೊತೆ ನುಡಿಸಿದ್ದು ಸೊನ್ನೆ ಸಲ.

ಖಂಜಿರವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ಜೊತೆಗೆ ಬಂದಿದ್ದ ರೂಮ್‌ಮೇಟ್ ಸ್ಟ್ಯೂ ತಿನ್ನುತ್ತಾ ನಕ್ಕ. "ಏನ್ ಮಗಾ, ಮಾರಾಟಕ್ಕಾ?"

"ಕರೀತಾರೆ ನೋಡ್ತಿರು ಗುರು."

ಪಿಟೀಲಿನ ಹಿರಿಯ ಹೆಂಗಸು ಕರೆದೇಬಿಟ್ಟರು. "ಅದು ಡ್ರಮ್ಮೋ, ಸಾಸರ್ರೋ?"

"ಡ್ರಮ್. ಮೈಸೂರಿನದು."

"ಸರಿ ಬಾ, ಒಂದೇ ಒಂದು ಸೆಟ್. ನನ್ನ ಪಿಟೀಲು ನನಗೇ ಕೇಳಿಸದಿದ್ದರೆ ವಾಪಸ್ ನಿನ್ನ ಆಲೂಗಡ್ಡೆಗೆ."

ಮೇಜಿಗೆ ಹೋಗಿ ಕೂತು, ಚರ್ಮಕ್ಕೆ ಒಳಗಿನಿಂದ ನೀರು ಸವರಿ, ತಟ್ಟಿ ನೋಡಿ ಶುರುಮಾಡಿದೆ. ನಾಲ್ಕು ಗುರುವಾರದ ಲೆಕ್ಕ ಕೈಯಲ್ಲಿತ್ತು. ಜಿಗ್ ಎಂಬ ಈ ಕುಣಿತದ ಟ್ಯೂನ್ ಪೆಟ್ಟಿಗೆ ಮೂರೆಣಿಕೆಯ ನಮ್ಮ ತಿಶ್ರ ನಡೆಯಲ್ಲಿ ಸಲೀಸಾಗಿ ಕೂರುತ್ತದೆ. ಒಂದು ಸುತ್ತಿಗೆ ಆದಿತಾಳದ ಎಂಟು ಆವರ್ತನ. ಪ್ರತಿ ಟ್ಯೂನೂ ಮೂರು ಸುತ್ತು. ಮೆತ್ತಗೆ ನುಡಿಸಿದೆ. ಕೊಳಲಿನವನು ಹುಬ್ಬೇರಿಸಿ ನಕ್ಕ. ಇಪ್ಪತ್ತನಾಲ್ಕನೆಯ ಆವರ್ತನ ಬಂತು. ನಮ್ಮಲ್ಲಿ ಯಾವ ತಾಳವಾದ್ಯದವನೂ ಬರಿಗೈಯಲ್ಲಿ ಮುಗಿಸುವುದಿಲ್ಲ. ಒಂದೇ ಜತಿಯನ್ನು ಮೂರು ಸಲ ನುಡಿಸಿ ಮುಕ್ತಾಯ ಹಾಕಿದೆ. ಕೊನೆಯ ಪೆಟ್ಟು ಸರಿಯಾಗಿ ಸಮಕ್ಕೆ, ತಾಳದ ಮೊದಲ ಎಣಿಕೆಗೆ, ಬಿತ್ತು. ಕೈ ಎತ್ತಿ ನಿಲ್ಲಿಸಿದೆ.

ಅವರು ನಿಲ್ಲಿಸಲೇ ಇಲ್ಲ. ಉಸಿರು ಬಿಡುವಷ್ಟೂ ಜಾಗವಿಲ್ಲದೆ ಎರಡನೆಯ ಟ್ಯೂನಿಗೆ ಹೊರಳಿದ್ದರು. ಒಂದು ಸೆಟ್ ಅಂದರೆ ಬೆನ್ನಿಗೆ ಬೆನ್ನು ಹಚ್ಚಿದ ಮೂರು ಟ್ಯೂನ್. ನಾನು ಅವನ್ನು ಬಿಡಿಬಿಡಿಯಾಗಿ ಎಣಿಸಿಕೊಂಡಿದ್ದೆ. ಎತ್ತಿದ ಕೈ ಎತ್ತಿದ ಹಾಗೇ ಇತ್ತು.

"ಏನ್ ಗುರು, ಮಂಗಳ ಹಾಡ್ಬಿಟ್ಯಾ?" ರೂಮ್‌ಮೇಟ್ ಅಲ್ಲಿಂದಲೇ ಕೂಗಿದ.

ಕಿವಿ ಬಿಸಿಯಾಯಿತು, ನಿಜ. ಆದರೆ ತಾಳ ತಪ್ಪಿರಲಿಲ್ಲ. ನಿಲ್ಲಿಸಿದ್ದಷ್ಟೇ ತಪ್ಪು. ಒಂದು ಆವರ್ತನ ಕಾದು, ಮತ್ತೆ ಸಮದಲ್ಲೇ ಸೇರಿಕೊಂಡೆ. ಮೂರನೆಯ ಟ್ಯೂನಿನ ಕೊನೆಯಲ್ಲಿ ಪಿಟೀಲಿನ ಹೆಂಗಸು ತಲೆ ಎತ್ತಿ ಸನ್ನೆ ಮಾಡಿದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು, ನಾನೂ ಸೇರಿ.

"ಲೆಕ್ಕ ಚೆನ್ನಾಗಿದೆ. ಆದರೆ ಬೆರಳು ನೋಡಬೇಡ, ನನ್ನ ಮುಖ ನೋಡು," ಎಂದರು.

ನೋಡಿದೆ. ಆಕೆ ಬಿಯರ್ ಒಂದು ಗುಟುಕು ಕುಡಿದು ಪಿಟೀಲನ್ನು ಮತ್ತೆ ಗದ್ದಕ್ಕೆ ಒತ್ತಿ, ಮುಂದಿನ ಸೆಟ್ ಶುರುಮಾಡಿದರು. ನನಗೆ ಏಳು ಅನ್ನಲಿಲ್ಲ. ನಾನೂ ಏಳಲಿಲ್ಲ.