ಶಿಸ್ತಿನ ಕಪ್ಪೆ

ಊರಿನ ಜನರೆಲ್ಲ ಕಂಪ್ಯೂಟರ್ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡಲು ರಾಯಚೂರಿನಿಂದ ಅಲ್ಲಿಗೆ ಹೋದೆ. ಗಚ್ಚಿಬೌಲಿಯಲ್ಲಿ ನನ್ನ ಜೊತೆ ಕೋಣೆಯಲ್ಲಿದ್ದ ಮೈಸೂರಿನ ಹುಡುಗಿಯನ್ನು ಕರೆದೊಯ್ಯಲು ಕಂಪನಿಯ ಕ್ಯಾಬ್ ಬಾಗಿಲಿಗೇ ಬರುತ್ತಿತ್ತು. ನಾನು ಗಮ್‌ಬೂಟ್ ಹಾಕಿಕೊಂಡು ಶೇರ್ ಆಟೋ ಹತ್ತಿದರೆ ಪಕ್ಕದವರು ಬೋರ್‌ವೆಲ್ ಕೊರೆಯುವವಳೆಂದು ತಿಳಿಯುತ್ತಿದ್ದರು. ಆದರೂ ಒಳಗೊಳಗೇ ಭಾರಿ ಹಮ್ಮು. ಇವರೆಲ್ಲ ಯಾರದೋ ಪ್ರೋಗ್ರಾಮ್ ತಿದ್ದುವವರು, ಪ್ರಕೃತಿಯ ಗುಟ್ಟು ಬಿಡಿಸುವವಳು ನಾನೊಬ್ಬಳೇ ಅಂತ.

ಗುಟ್ಟು ಇದ್ದದ್ದು ವಿಶ್ವವಿದ್ಯಾಲಯದ ಕಾಂಪೌಂಡಿನಾಚೆ, ರಸ್ತೆಯ ಮಗ್ಗುಲಲ್ಲಿ, ಬಂಡೆಗಳ ನಡುವೆ ಮಳೆನೀರು ನಿಲ್ಲುವ ಹೊಂಡದಲ್ಲಿ. ಯಾವ ಜಾತಿಯ ಕಪ್ಪೆ ಹೇಗೆ ಕೂಗುತ್ತದೆಂದು ದಾಖಲಿಸುವುದು ನನ್ನ ಕೆಲಸ. ಒಂದು ಸಂಜೆ ಸೊಳ್ಳೆ ತಾಳಲಾರದೆ, ರೆಕಾರ್ಡರನ್ನು ಬಂಡೆಯ ಮೇಲಿಟ್ಟು ಚಹಾ ಕುಡಿಯಲು ಹೋಗಿಬಿಟ್ಟೆ. ಮರುದಿನ ಲ್ಯಾಬಿನಲ್ಲಿ ಕೇಳಿದರೆ, ವಟವಟದ ನಡುವೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಕೀರಲು ಕೂಗು. ಟೀಂ, ಟೀಂ, ಟೀಂ. ಆಮೇಲೆ ಆ ಕೂಗು ಥಟ್ಟನೆ ನಿಂತಿತು.

ಗೈಡ್‌ಗೆ ಹೇಳುವ ಮೊದಲೇ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಹೊಸಾ ಕಪ್ಪಿ ಸಿಕ್ಕೈತಿ!"

"ಹಿಡದಿಯೇನು?"

"ಇಲ್ಲ, ದನಿ ಅಷ್ಟ ಸಿಕ್ಕೈತಿ."

"ಮೊದಲ ಹಿಡಿ. ಆಮ್ಯಾಲ ಮಂದಿಗೆ ಹೇಳು."

ಹಿಡಿಯುವಷ್ಟು ತಾಳ್ಮೆ ಯಾರಿಗಿತ್ತು? ಅದೇ ವಾರ ವಿಭಾಗದ ಸೆಮಿನಾರ್. ನನ್ನ ಪ್ರತಾಪ ನೋಡಲೆಂದು ಮೈಸೂರಿನ ಗೆಳತಿಯನ್ನು ರಜೆ ಹಾಕಿಸಿ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಕಪ್ಪೆಗೆ ಯಾವ ಹೆಸರಿಡಬೇಕೆಂಬ ಯೋಚನೆಯೂ ಆಗಿತ್ತು. ಅದರಲ್ಲಿ ನನ್ನ ಹೆಸರೂ ಸೇರಿತ್ತು.

"ಎರಡು ಕೂಗುಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಇಷ್ಟು ಶಿಸ್ತಿನ ಕಪ್ಪೆ ಬೇರೆ ಇಲ್ಲ" ಎಂದು ಗಂಭೀರವಾಗಿ ಹೇಳಿ ಧ್ವನಿ ಹಾಕಿದೆ. ಸಭೆ ಕಿವಿಗೊಟ್ಟು ಕೇಳಿತು. ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಬಂತು.

"ಅಯ್ಯೋ, ಇದು ನಮ್ ಕ್ಯಾಬ್ ಕಣೇ! ರಿವರ್ಸ್ ತಗೊಳ್ಳೋವಾಗ ಹಿಂಗೇ ಕೂಗುತ್ತೆ!"

ತೆಲುಗಿನವರಾದ ನನ್ನ ಗೈಡ್ ಕನ್ನಡಕ ತೆಗೆದು ನನ್ನತ್ತ ನೋಡಿದರು. "ಏಮ್ಮಾ, ಇದಿ ಕಪ್ಪಾ, ಕ್ಯಾಬಾ?"

ಇಡೀ ಸಭೆಯ ನಗುವಿನ ನಡುವೆ ನಾನು ವೇದಿಕೆಯಿಂದ ಹೇಗಿಳಿದೆನೋ ನೆನಪಿಲ್ಲ. ಜ್ವರದ ನೆಪ ಹೇಳಿ ಕೋಣೆ ಸೇರಿದೆ. ಗೆಳತಿ ಬಿರಿಯಾನಿ ತಂದು ಕ್ಷಮೆ ಕೇಳಿದಳು. ಸಿಟ್ಟಿನಲ್ಲೇ ಪೂರ್ತಿ ತಿಂದೆ.

ಕಡೆಗೆ ಗೈಡ್ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿ ಹೋದರೆ ಅವರು ಅದೇ ಧ್ವನಿಮುದ್ರಣ ಕೇಳುತ್ತ ಕೂತಿದ್ದರು. "ಕ್ಯಾಬನ್ನು ಬಿಡು. ಕ್ಯಾಬ್ ಕೂಗುವಾಗ ಕಪ್ಪೆಗಳು ಏನು ಮಾಡುತ್ತಿವೆ, ಕೇಳು" ಎಂದರು.

ಕೇಳಿದೆ. ಟೀಂ ಎಂದೊಡನೆ ಒಂದು ಜಾತಿಯ ಕಪ್ಪೆಗಳು ಸುಮ್ಮನಾಗುತ್ತಿದ್ದವು. ಸದ್ದು ನಿಂತೊಡನೆ, ತಡೆದ ಮಾತೆಲ್ಲ ಒಟ್ಟಿಗೆ ಹೊರಬಂದ ಹಾಗೆ, ಮೊದಲಿಗಿಂತ ಜೋರಾಗಿ ಕೂಗುತ್ತಿದ್ದವು. ನನ್ನದೇ ಕಪ್ಪೆಯನ್ನು ಮೆಚ್ಚಿಕೊಳ್ಳುವ ಗಡಿಬಿಡಿಯಲ್ಲಿ ನಿಜವಾದ ಕಪ್ಪೆಗಳನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಸಂಶೋಧನೆಯ ದಿಕ್ಕೇ ಬದಲಾಯಿತು. ಗೆಳತಿ ತನ್ನ ಕ್ಯಾಬ್ ಡ್ರೈವರನ್ನು ಪುಸಲಾಯಿಸಿ ಹೊಂಡದ ಬಳಿ ಕರೆತಂದಳು. ನಾನು ಕೆಸರಿನಲ್ಲಿ ನಿಂತು ಕೈ ಬೀಸಿದಾಗಲೆಲ್ಲ ಅವನು ಗಾಡಿ ಹಿಂದೆ ತೆಗೆಯಬೇಕು.

"ಮೇಡಂ, ಮೇಂಡಕ್ ಕೊ ಸೈಡ್ ದೇನಾ ಕ್ಯಾ?" ಎಂದು ಕಿಟಕಿಯಿಂದ ತಲೆ ಹಾಕಿ ಕೇಳಿದ. ಕಪ್ಪೆಗೆ ದಾರಿ ಬಿಡಬೇಕೇ ಎಂದು.

"ನಹೀ ಭಾಯ್, ಸಿರ್ಫ್ ರಿವರ್ಸ್!" ಎಂದು ನಾನು ಕೂಗಿದ್ದಕ್ಕೆ ಹೊಂಡವೆಲ್ಲ ಒಮ್ಮೆಲೇ ಸುಮ್ಮನಾಯಿತು.

ಅದನ್ನೂ ಬರೆದುಕೊಂಡೆ. ವಾಹನದ ಗದ್ದಲದಲ್ಲಿ ಕಪ್ಪೆಗಳು ಕೂಗುವ ಬಗೆಯ ಮೇಲೆ ಬರೆದ ಆ ಪ್ರಬಂಧಕ್ಕೇ ನನಗೆ ಡಾಕ್ಟರೇಟ್ ಬಂತು.