ಚಂದ್ರಮುಕುಟದ ನಮೂದಿಗೆ ಬಿದ್ದ ಸಹಿ

ಹಕ್ಕಿಗಳ ಹೆಸರು ಎಲ್ಲಿಂದ ಬಂತೆಂದು ಹುಡುಕುವ ವಿದ್ವಾಂಸರು ಬೆರಳೆಣಿಕೆಯಷ್ಟು. ಅವರಲ್ಲಿ ಪುಸ್ತಕ ಮುಚ್ಚಿಟ್ಟು ಕಿಟಕಿ ತೆರೆದವರು ಇನ್ನೂ ಕಡಿಮೆ. ನಿಘಂಟು ಕಚೇರಿಯವರೆಲ್ಲ ‘ದೊಡ್ಡಕ್ಕ’ ಎಂದೇ ಕರೆಯುವ, ಈ ತಿಂಗಳು ನಿವೃತ್ತರಾಗುತ್ತಿರುವ ಪ್ರಧಾನ ಸಂಪಾದಕರು ಅಂಥವರಲ್ಲಿ ಒಬ್ಬರು. ಕೂಗಿನಿಂದ ಹುಟ್ಟಿದ ಹೆಸರಾದರೆ, ಆ ಕೂಗನ್ನು ಕಿವಿಯಾರೆ ಕೇಳಿದವರೇ ನಮೂದಿಗೆ ಸಹಿ ಹಾಕಬೇಕೆಂಬುದು ಅವರು ತಂದ ಕಟ್ಟಳೆ. ಮೊದಮೊದಲು ಮುಸಿಮುಸಿ ನಕ್ಕವರೂ ಕ್ರಮೇಣ ಬೆಳಗಾಗೆದ್ದು ಉದ್ಯಾನದ ಬೆಂಚುಗಳ ಮೇಲೆ ಕಿವಿ ನಿಮಿರಿಸಿ ಕೂರುವಂತಾದರು.

ಅವರ ಸಹಾಯಕಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಂದ್ರಮುಕುಟ ಹಕ್ಕಿಯ ನಮೂದನ್ನು ಕೈಗೆತ್ತಿಕೊಂಡು, ಲ್ಯಾಟಿನ್ನಿನ ‘ಉಪುಪಾ’, ಎಸ್ಪೆರಾಂಟೊ ಎಂಬ ಕೃತಕ ಭಾಷೆಯ ‘ಉಪುಪೊ’ ಎರಡೂ ಅದರ ತಲೆಯ ಜುಟ್ಟಿನಿಂದ ಬಂದ ಹೆಸರುಗಳೆಂದು ಒಂದೇ ಉಸಿರಿಗೆ ಬರೆದುಬಿಟ್ಟಳು. ಸಂಪಾದಕ ಮಂಡಳಿ ಕೆಂಡಾಮಂಡಲವಾದಾಗ ದೊಡ್ಡಕ್ಕ, “ಓದಿ ಒಪ್ಪಿದವಳು ನಾನು” ಎಂದು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಂಡರು. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: “ಜುಟ್ಟು ನೋಡಿ ಮರುಳಾದೆ ಅಲ್ವಾ? ಅದು ಬಾಯಿ ಬಿಟ್ರೆ ಏನನ್ನುತ್ತೆ, ಅದನ್ನ ಕೇಳ್ಬೇಕಿತ್ತು.”

ಲ್ಯಾಟಿನ್ ನುಡಿಯವರು ಹಕ್ಕಿಯ ‘ಉಪ್-ಉಪ್’ ಎಂಬ ಕೂಗನ್ನೇ ಹೆಸರಾಗಿಸಿದ್ದರು. ಎಸ್ಪೆರಾಂಟೊ ಆ ಹೆಸರಿಗೆ ತನ್ನ ನಾಮಪದಗಳಿಗೆಲ್ಲ ಕೊನೆಯಲ್ಲಿ ಬರುವ ‘ಒ’ಕಾರ ತೊಡಿಸಿ ಮನೆಗೆ ಕರೆದುಕೊಂಡಿತ್ತು. ಆ ನಮೂದನ್ನು ದೊಡ್ಡಕ್ಕ ತಮ್ಮ ಸಹಿಗೆಂದೇ ಉಳಿಸಿಕೊಂಡರು. ಹಕ್ಕಿ ಮಾತ್ರ ವರ್ಷಗಟ್ಟಲೆ ಕೈಕೊಟ್ಟಿತು.

ಕೊನೆಗೂ ಈ ವಸಂತದಲ್ಲಿ ಅದು ಕಚೇರಿಯ ಹಿಂದಿನ ಹುಲ್ಲುಹಾಸಿಗೆ ಬಂದಿಳಿಯಿತು. ಅಷ್ಟರಲ್ಲಿ ದೊಡ್ಡಕ್ಕನ ಕಿವಿ ಮಂದವಾಗಿತ್ತು. ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಹಕ್ಕಿ ತಲೆ ಬಾಗಿಸಿತು. ಅದರ ಗಂಟಲು ಉಬ್ಬಿ ಉಬ್ಬಿ ಇಳಿಯಿತು.

“ಕೂಗ್ತಾ?” ದೊಡ್ಡಕ್ಕ ಕೇಳಿದರು.

ಸಹಾಯಕಿ ಅವರ ಕಿವಿಯ ಹತ್ತಿರ ಬಾಗಿ, “ಹೂಂ, ಚೆನ್ನಾಗಿ ಕೂಗ್ತು” ಎಂದಳು. ಆಮೇಲೆ ಕರಡನ್ನು ಅವರ ಮುಂದೆ ಹಿಡಿದಳು. “ಸಹಿ ಹಾಕ್ಬಿಡಿ ಅಕ್ಕಾ. ಇಷ್ಟು ವರ್ಷ ಕಾದಿದ್ದೀರಿ. ಯಾರಿಗೆ ಗೊತ್ತಾಗುತ್ತೆ?”

ದೊಡ್ಡಕ್ಕ ಬಹಳ ಹೊತ್ತು ಹಕ್ಕಿಯನ್ನೇ ನೋಡಿದರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಪೆನ್ನನ್ನು ಸಹಾಯಕಿಯ ಕೈಗಿಟ್ಟರು.

“ನಾನು ನೋಡಿದೆ. ಕೇಳಿದ್ದು ನೀನು. ನೀನೇ ಹಾಕು.”

ತಮಗೆಂದು ಅವರು ಉಳಿಸಿಕೊಂಡಿದ್ದ ಒಂದೇ ಒಂದು ನಮೂದು ಹೀಗೆ, ಹಿಂದೊಮ್ಮೆ ಅದನ್ನು ಕೆಡಿಸಿದ್ದವಳ ಹೆಸರಿನಲ್ಲೇ ಅಚ್ಚಾಗಿದೆ. ದೊಡ್ಡಕ್ಕ ನೂರ್ಕಾಲ ಬಾಳಲಿ. ಇನ್ನೂ ಹೆಸರಿನ ಮೂಲ ಸಿಗದ ಹಕ್ಕಿಗಳ ಬೆನ್ನು ಬಿಡದಿರಲಿ. ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರು ಕೂರುವಷ್ಟು ಜಾಗವಿದೆ. ನೋಡಲು ಅವರು ಬರಲಿ, ಕೇಳಿ ಹೇಳಲು ಸಹಾಯಕಿ ಇದ್ದಾಳೆ.