ಆಯಾಸ ಇಲ್ಲವೆಂದ ಏಳು ಮಂದಿ

2004ರ ಫೆಬ್ರವರಿ 10, ಮಂಗಳವಾರ. ಬಿ.ಜಿ. ಕೆರೆಯ ಶಾಲೆಯ ಜಗಲಿಯಲ್ಲಿ ಹತ್ತೊಂಬತ್ತು ಮಂದಿ ವೃದ್ಧರಿಗೆ ಐದೈದು ಪ್ರಶ್ನೆ ಕೇಳಿದೆ. ಮೂರಕ್ಕಾದರೂ ‘ಹೌದು’ ಎಂದವರು ನಿತ್ರಾಣರಾಗಿದ್ದಾರೆಂದು ಲೆಕ್ಕ. ಅದೇ ಜನರನ್ನು ಒಳಗಿನ ಕೋಣೆಯಲ್ಲಿ ಡಾಕ್ಟರೊಬ್ಬರು ನಡೆಸಿ, ಕೈಯ ಹಿಡಿತ ನೋಡಿ, ತಮ್ಮ ತೀರ್ಮಾನ ಬರೆಯುತ್ತಿದ್ದರು. ಎರಡೂ ತಾಳೆಯಾದರೆ ನಮ್ಮ ಸಮೀಕ್ಷೆಯ ಪ್ರಶ್ನಾವಳಿ ಪಾಸು. ಆಮೇಲೆ ಊರೂರಿಗೆ ಡಾಕ್ಟರು ಬರಬೇಕಿಲ್ಲ. ಆಸ್ಪತ್ರೆಗೆ ಯಾರನ್ನು ಕರೆದೊಯ್ಯಬೇಕೆಂದು ಆ ಹಾಳೆಯೇ ಹೇಳುತ್ತದೆ.

ಊಟದ ಹೊತ್ತಿಗೆ ತಾಳೆ ನೋಡಿದೆ. ಡಾಕ್ಟರ ಪ್ರಕಾರ ನಿತ್ರಾಣರು ಹನ್ನೊಂದು, ನನ್ನ ಹಾಳೆಯ ಪ್ರಕಾರ ನಾಲ್ಕು. ಉಳಿದ ಏಳು ಮಂದಿಗೂ ಎರಡೇ ಅಂಕ. ಏಳೂ ಜನ ಒಂದೇ ಪ್ರಶ್ನೆಗೆ ‘ಇಲ್ಲ’ ಎಂದಿದ್ದರು: ನಿಮಗೆ ಆಯಾಸವಾಗುತ್ತದೆಯೇ?

ಅವರಲ್ಲೊಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಕೋಣೆಯಿಂದ ಬರುವಾಗ ಎರಡು ಸಲ ಬಾಗಿಲು ಹಿಡಿದು ನಿಂತವರು. ಮತ್ತೆ ಕೇಳಿದೆ.

“ಅಜ್ಜಿ, ಆಯಾಸ ಆಗಲ್ವಾ?”

“ಇಲ್ಲ ತಾಯೀ. ನಮ್ಮ ಯಜಮಾನ್ರಿಗಿತ್ತು ಆಯಾಸ. ಗೊರಗೊರ ಅಂತ ಎದೆ ಕೂಗೋದು. ನಂಗಿಲ್ಲ.”

ಆಂಧ್ರದ ಗಡಿಯ ಈ ಕಡೆ ಮನೆಯಲ್ಲಿ ತೆಲುಗಾಡುವವರಿಗೆ ಆಯಾಸವೆಂದರೆ ಉಬ್ಬಸ. ನನ್ನ ಅವ್ವನೂ ಮೊಳಕಾಲ್ಮೂರಿನ ತೆಲುಗಿನವಳೇ. ಹದಿನಾಲ್ಕು ದಿನದಿಂದ ಆ ಪದ ಓದುತ್ತಿದ್ದರೂ ನನಗೆ ಹೊಳೆದಿರಲಿಲ್ಲ.

“ಮೈಯಾಗೆ ತ್ರಾಣ ಐತಾ ಮತ್ತೆ?”

“ತ್ರಾಣವಾ! ಕೊಡ ಎತ್ತಿ ಮೂರು ವರ್ಸ ಆತು. ಮೊದ್ಲೇ ಹಿಂಗೆ ಕೇಳಾಕೆ ಏನಾಗಿತ್ತೇ ನಿಂಗೆ?”

ಬೆಂಗಳೂರಿನಿಂದ ಬಂದಿದ್ದ ಮೇಲ್ವಿಚಾರಕರಿಗೆ ಹೇಳಿದೆ. ಅವರು ಹಾಳೆಯಿಂದ ತಲೆ ಎತ್ತಲಿಲ್ಲ.

“ನೋಡಮ್ಮ, ಆಯಾಸ ಅನ್ನೋದು ಒಳ್ಳೆ ಕನ್ನಡ. ಈಗ ಬದಲಾಯಿಸಿದ್ರೆ ಇಲ್ಲೀವರೆಗಿನ ಕೆಲಸ ವ್ಯರ್ಥ. ಕೊನೇಲಿ ಒಂದು ಚೌಕ ಇದೆಯಲ್ಲ, ‘ಉತ್ತರಿಸಿದವರ ಗ್ರಹಿಕೆ ಕಡಿಮೆ’ ಅಂತ? ಏಳಕ್ಕೂ ಅಲ್ಲಿ ಗುರುತು ಹಾಕು. ಅವು ಲೆಕ್ಕಕ್ಕೆ ಬರಲ್ಲ.”

ಮೈಯೆಲ್ಲ ಉರಿಯಿತು. ಎರಡು ಭಾಷೆಯಲ್ಲಿ ಬಾಳಿದವರಿಗೆ ಗ್ರಹಿಕೆ ಕಡಿಮೆಯಂತೆ! ಏಳನ್ನು ಕಿತ್ತರೆ ನಾಲ್ಕಕ್ಕೆ ನಾಲ್ಕು. ತಪ್ಪು ಹಾಳೆ ಪಾಸಾಗುತ್ತದೆ, ಆ ಅಜ್ಜಿಯಂಥವರು ಎಲ್ಲ ಊರಲ್ಲೂ ಹೊರಗುಳಿಯುತ್ತಾರೆ.

“ಗ್ರಹಿಕೆ ಕಡಿಮೆ ಇರೋದು ನಮಗೆ ಸಾರ್.”

“ಹೇಳಿದಷ್ಟು ಮಾಡು.”

ಮಾಡಲಿಲ್ಲ. ಏಳೂ ಹಾಳೆಗಳ ಅಂಚಿನಲ್ಲಿ ಪೆನ್ನು ಒತ್ತಿ ಬರೆದೆ: ‘ಇಲ್ಲಿ ಆಯಾಸ ಎಂದರೆ ಉಬ್ಬಸ. ತಪ್ಪು ಪ್ರಶ್ನೆಯದು.’ ಡಾಕ್ಟರು ಓದಿ ಏಳಕ್ಕೂ ಸಹಿ ಹಾಕಿದರು. ಗುರುವಾರ ಮೇಲ್ವಿಚಾರಕರು ನನ್ನನ್ನು ಕೆಲಸದಿಂದ ಬಿಡಿಸಿದರು.

ಏಪ್ರಿಲ್‌ನಲ್ಲಿ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳು ಅದೇ ಹಾಳೆಗಳ ಕಟ್ಟು ಹಿಡಿದು ಪರಶುರಾಂಪುರದ ಬಸ್ಸು ಹತ್ತುತ್ತಿದ್ದಳು. ಡಾಕ್ಟರು ಜೊತೆಗಿರಲಿಲ್ಲ; ಅಂದರೆ ಹಾಳೆ ಪಾಸಾಗಿತ್ತು. ಕಿಟಕಿಯಿಂದ ಒಂದು ಹಾಳೆ ಇಸಕೊಂಡು ನೋಡಿದೆ. ಒಂದಕ್ಷರವೂ ಬದಲಾಗಿರಲಿಲ್ಲ.

“ಸುಸ್ತಾಗುತ್ತಾ ಅಂತ ಕೇಳೇ! ತ್ರಾಣ ಐತಾ ಅಂತ ಕೇಳು!” ಬಸ್ಸು ಹೊರಟರೂ ಕೂಗಿದೆ.

“ಹಾಳೇಲಿ ಹಂಗೆ ಬರ್ದಿಲ್ವಲ್ಲಕ್ಕಾ,” ಅಂದಳು.